ಅಂಬೇವಾಡಿಯ ಸಿಲಿಂಡರ್ ಬಾಯಿ

ಅವರ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಹುಬ್ಬು ಇರಬೇಕಾದಲ್ಲಿ ಬಿಗಿದು ಹೊಳೆಯುವ ಚರ್ಮವಿತ್ತು. ದಿನಾ ಬೆಳಿಗ್ಗೆ ಮನೆ ಬಿಡುವ ಮುಂಚೆ ಅಲ್ಲಿ ಕಾಡಿಗೆ ಪೆನ್ಸಿಲಿನಿಂದ ಒಂದು ಹುಬ್ಬು ಬರೆದುಕೊಳ್ಳುತ್ತಿದ್ದರು. ಬಲಗಡೆಯ ನಿಜವಾದ ಹುಬ್ಬು ದಟ್ಟವಾಗಿ, ನೇರವಾಗಿತ್ತು. ಬರೆದದ್ದು ಮಾತ್ರ ಒಂದು ದಿನ ಮೇಲೆ, ಒಂದು ದಿನ ಕೆಳಗೆ. ಹಾಗಾಗಿ ಅವರ ಮುಖ ಕೆಲವು ದಿನ ಏನನ್ನೋ ಕೇಳುತ್ತಿರುವಂತೆ, ಕೆಲವು ದಿನ ಯಾರನ್ನೋ ಗದರುತ್ತಿರುವಂತೆ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಕಾಡಿಗೆ ಕರಗಿ ಕೆನ್ನೆಗೆ ಇಳಿಯುತ್ತಿತ್ತು. ಸೆರಗಿನಿಂದ ಒಮ್ಮೆ ಒರೆಸಿಕೊಂಡರೆ ಮುಗಿಯಿತು, ಮರುದಿನ ಬೆಳಿಗ್ಗೆಯವರೆಗೆ ಅದರ ಯೋಚನೆ ಇಲ್ಲ.

ದಾಂಡೇಲಿಯ ಅಂಬೇವಾಡಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಅವರು ಒಬ್ಬರೇ ಇದ್ದರು. ಹುಟ್ಟಿದ್ದು ಹಳಿಯಾಳದ ಕಡೆಯ ಒಂದು ಹಳ್ಳಿಯ, ಆಫ್ರಿಕಾ ಮೂಲದ ಸಿದ್ದಿ ಕ್ರೈಸ್ತರ ಮನೆಯಲ್ಲಿ. ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳನ್ನು ಮಾರುವ, ತುಂಬಿಸಿಕೊಡುವ ಅಂಗಡಿಯೊಂದರಲ್ಲಿ ಬಹಳ ವರ್ಷಗಳಿಂದ ಕೆಲಸಕ್ಕಿದ್ದರು. ಸ್ಕೂಟರಿನಲ್ಲಿ ಕಾಲಿಡುವ ಜಾಗಕ್ಕೊಂದು, ಹಿಂದಿನ ಸೀಟಿಗೆ ಗೋಣಿಚೀಲ ಸುತ್ತಿ ಕಟ್ಟಿದ್ದೊಂದು ಸಿಲಿಂಡರ್ ಹೇರಿಕೊಂಡು ಗಣೇಶಗುಡಿ, ಜೋಯಿಡಾ, ಒಮ್ಮೊಮ್ಮೆ ಮುಂಡಗೋಡದವರೆಗೂ ಹೋಗಿಬರುತ್ತಿದ್ದರು. ಆ ಕಡೆ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುತ್ತಾರೆ; ಸುತ್ತಲಿನವರಿಗೆಲ್ಲ ಅವರು ಸಿಲಿಂಡರ್ ಬಾಯಿ. ನಾನೂ ಬಾಯಿ ಎಂದೇ ಕರೆಯುತ್ತಿದ್ದೆ. ಹೋಮ್‌ಸ್ಟೇಗೆ ಬಂದ ಪ್ರವಾಸಿಗರು ಅವರ ಗುಂಗುರು ಕೂದಲು ನೋಡಿ ಯಾವ ದೇಶದವರೆಂದು ಇಂಗ್ಲಿಷಿನಲ್ಲಿ ಕೇಳುವುದಿತ್ತು. "ಹಳಿಯಾಳ" ಎಂದಷ್ಟೇ ಹೇಳಿ ಬಾಯಿ ತಮ್ಮ ಸ್ಪ್ಯಾನರ್ ತಿರುಗಿಸುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ನನ್ನ ಗಂಡ ತೀರಿಹೋದ ಮೇಲೆ. ನಾವು ಹುಬ್ಬಳ್ಳಿಯವರು. ನನ್ನ ಗಂಡ ಪ್ರವಾಸದ ಬಸ್ಸು ಓಡಿಸುತ್ತಿದ್ದರು. ಮಕ್ಕಳಿರಲಿಲ್ಲ. ಒಂದು ಹಳೆಯ ಮಿನಿಬಸ್ ಕೊಂಡು, ಸೀಟುಗಳನ್ನೆಲ್ಲ ಕಿತ್ತು, ಅದರೊಳಗೆ ಮಂಚ, ಗ್ಯಾಸ್ ಒಲೆ, ಪಾತ್ರೆ ತೊಳೆಯುವ ಸಿಂಕು, ಸಣ್ಣ ಫ್ರಿಜ್ಜು, ಅದಕ್ಕೆಲ್ಲ ವಿದ್ಯುತ್ತಿಗೆ ಬ್ಯಾಟರಿ ಮತ್ತು ಇನ್ವರ್ಟರ್ ಎಲ್ಲ ಕೂಡಿಸಿ ಮನೆಗಾಡಿ ಮಾಡಿದರು. ವರ್ಷದಲ್ಲಿ ಕೆಲವು ತಿಂಗಳು ಬಾಡಿಗೆಗೆ ಕೊಡುವುದು, ಉಳಿದ ದಿನ ನಾವಿಬ್ಬರೇ ಊರೂರು ಸುತ್ತುವುದು ಎಂಬ ಆಸೆ. ನನಗೂ ಗಾಡಿ ಓಡಿಸುವುದನ್ನು ಕಲಿಸಿ ಲೈಸೆನ್ಸ್ ಮಾಡಿಸಿದ್ದರು. ಮೊದಲ ಪ್ರವಾಸಕ್ಕೆ ಪರದೆ ಹೊಲಿಯಲು ಬಟ್ಟೆ ತರಲು ಹೋದವರು ಅಂಗಡಿಯ ಮೆಟ್ಟಿಲ ಮೇಲೆಯೇ ಎದೆ ಹಿಡಿದುಕೊಂಡು ಕೂತರು. ಮತ್ತೆ ಏಳಲಿಲ್ಲ.

ಬಾಡಿಗೆ ಮನೆಯಲ್ಲಿ ನನಗೆ ಇರಲಾಗಲಿಲ್ಲ. ಅವರು ಕೈಯಾರೆ ಮಾಡಿದ್ದು ಎಂದು ಉಳಿದದ್ದು ಆ ಗಾಡಿ ಒಂದೇ. ಪರಿಚಯದ ಡ್ರೈವರ್ ಒಬ್ಬರು ಅದನ್ನು ಗಣೇಶಗುಡಿಯ ಒಂದು ಹೋಮ್‌ಸ್ಟೇಯ ಹಿಂದಿನ ಹೊಲಕ್ಕೆ ತಂದು ನಿಲ್ಲಿಸಿಕೊಟ್ಟರು. ಬೆಳಗಿನ ತಿಂಡಿ ಮಾಡಿಕೊಡುವ ಕೆಲಸ ಸಿಕ್ಕಿತು. ಹೊಲದ ಆಚೆ ಇಳಿಜಾರು, ಅದರಾಚೆ ಕಾಳಿ ನದಿ. ನಮ್ಮ ಕಡೆಯವರು ನನಗೆ ತಲೆ ಕೆಟ್ಟಿದೆ ಎಂದುಕೊಂಡರು. ಒಂದಷ್ಟು ದಿನ ಫೋನ್ ಮಾಡಿದರು, ಆಮೇಲೆ ಅದೂ ನಿಂತಿತು. ತಿಂಡಿಯ ಕೆಲಸ ಮುಗಿದರೆ ಮರುದಿನದವರೆಗೆ ನಾನು ಯಾರ ಜೊತೆಗೂ ಒಂದು ಮಾತು ಆಡದ ದಿನಗಳೇ ಹೆಚ್ಚು. ಗಾಡಿಯ ಸ್ಟೇರಿಂಗ್ ಹತ್ತಿರ ಹೋಗುತ್ತಲೂ ಇರಲಿಲ್ಲ. ಚಕ್ರಗಳ ಸುತ್ತ ಹುಲ್ಲು ಬೆಳೆಯಿತು.

ಅಂಥ ಒಂದು ದಿನ ಹೋಮ್‌ಸ್ಟೇಯ ಮಾಲೀಕರು ಬಾಯಿಯವರನ್ನು ಕರೆತಂದರು. ನನ್ನ ಗಾಡಿಯಲ್ಲಿ ಗ್ಯಾಸ್ ಇದೆ, ಬ್ಯಾಟರಿ ಇದೆ, ಸುತ್ತ ಒಣ ಹುಲ್ಲು. ಬೆಂಕಿಯ ವ್ಯವಸ್ಥೆ ಇಲ್ಲದೆ ಇಲ್ಲಿ ನಿಲ್ಲಿಸುವ ಹಾಗಿಲ್ಲ ಎಂದರು. ನಾನು ಒಂದು ಸಿಲಿಂಡರ್ ತಂದು ಮೂಲೆಯಲ್ಲಿ ಇಟ್ಟು ಹೋಗಲಿ ಎಂದುಕೊಂಡಿದ್ದೆ. ಬಾಯಿ ಗಾಡಿಯೊಳಗೆ ಬಂದವರು ಏನನ್ನೂ ಹೇಳದೆ ಮೊದಲು ನೆಲದ ಮೇಲೆ ಮಂಡಿಯೂರಿ ಕೂತು ಒಲೆಯ ಕೆಳಗೆ ಮೂಗು ಹಿಡಿದರು.

"ಗ್ಯಾಸ್ ಸೋರಿದ್ರ ಮ್ಯಾಲ ಹೋಗೂದಿಲ್ರಿ ಬಾಯಾರ. ನೀರಿನಂಗ ಕೆಳಗ ಬಂದು ಕುಂದರತೈತಿ. ಅದಕ್ಕ ಆ ಮಷಿನ್ ಕೆಳಗ ಹಚ್ಚೂದು. ಹೊಗಿ ಮ್ಯಾಲ ಹೋಗತೈತಿ. ಅದಕ್ಕ ಈ ಮಷಿನ್ ಮ್ಯಾಲ."

ಕೆಳಗೊಂದು, ಮೇಲೊಂದು ಅಲಾರಾಂ ಹಚ್ಚಿದರು. ಎಂಜಿನ್ ಇರುವಲ್ಲಿ ಒಂದು, ಬಾಗಿಲ ಪಕ್ಕದ ಸೀಟಿನ ಕೆಳಗೆ ಇನ್ವರ್ಟರ್ ಇದ್ದ ಪೆಟ್ಟಿಗೆಯಲ್ಲಿ ಒಂದು, ಎರಡು ಸಣ್ಣ ಸಿಲಿಂಡರ್ ಕೂಡಿಸಿ ಅವುಗಳಿಂದ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆಯನ್ನು ವೈರುಗಳ ಮೇಲೆಲ್ಲ ಬಳ್ಳಿಯ ಹಾಗೆ ಹಾಯಿಸಿದರು. ಬೆಂಕಿ ಎಲ್ಲಿ ಹತ್ತುತ್ತದೋ ಅಲ್ಲಿ ಬಿಸಿಗೆ ಕೊಳವೆ ತಾನೇ ಒಡೆಯುತ್ತದೆ, ಒಡೆದ ಜಾಗದಿಂದಲೇ ಪುಡಿ ಚಿಮ್ಮಿ ಬೆಂಕಿಯ ಮೇಲೆ ಬೀಳುತ್ತದೆ. ಯಾರೂ ಮುಟ್ಟಬೇಕಾಗಿಲ್ಲ. ಕೈಯಲ್ಲಿ ಹಿಡಿಯುವ ದೊಡ್ಡ ಸಿಲಿಂಡರನ್ನು ನಾನು ಒಲೆಯ ಪಕ್ಕ ಇಡಲು ಹೋದಾಗ ನನ್ನ ಕೈಯಿಂದ ತೆಗೆದುಕೊಂಡು ಬಾಗಿಲ ಪಕ್ಕ ತೂಗುಹಾಕಿದರು.

"ಒಲಿ ಹೊತ್ತಿದ್ರ ಒಲಿ ಹತ್ರ ಹೋಗಿ ಹೆಂಗ ತಗೋತೀರಿ?"

ಅಲಾರಾಂ ಹೇಗೆ ಕೂಗುತ್ತದೆಂದು ಗುಂಡಿ ಒತ್ತಿ ತೋರಿಸಿದರು. ಕಿವಿ ಕಿತ್ತುಹೋಗುವ ಸದ್ದು. ಹೊಲದ ಅಂಚಿನ ಮರದಲ್ಲಿದ್ದ ಹಕ್ಕಿಗಳೆಲ್ಲ ಎದ್ದುಹೋದವು. ಸದ್ದು ನಿಂತ ಮೇಲೆ ನಾನು ಕೇಳಿದೆ: "ಈ ಅಡವ್ಯಾಗ ಇದು ಕೂಗಿದ್ರ ಯಾರಿಗೆ ಕೇಳಸ್ತೈತ್ರಿ ಬಾಯಿ? ಯಾರ ಬರ್ತಾರ?"

ಅವರು ನನ್ನ ಕಡೆ ತಿರುಗಿದರು. ಅಂದು ಬರೆದ ಹುಬ್ಬು ಮೇಲಿತ್ತು. "ನಿಮಗ ಕೇಳಸ್ತೈತಲ್ರಿ," ಎಂದರು. "ನಿಮಗ ಕೇಳಿದ್ರ ಸಾಕು."

ಆ ದಿನಗಳಲ್ಲಿ ಅಲಾರಾಂ ಕೂಗಿದರೂ ನಾನು ಎದ್ದು ಹೊರಗೆ ಬರುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ನನ್ನ ಮುಖ ನೋಡಿ ಬಾಯಿಗೆ ಅದು ತಿಳಿದಿರಬೇಕು. ಕೆಲಸ ಮುಗಿದಿದ್ದರೂ ಅವರು ಹೊರಡಲಿಲ್ಲ. ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಲು ಹೇಳಿದರು.

"ಯಾಕ್ರಿ?"

"ಮಕ್ಕೋರಿ, ಹೇಳ್ತೇನಿ. ಕಣ್ಣ ತೆರೀಬ್ಯಾಡ್ರಿ. ಈಗ ಗಾಡಿ ತುಂಬ ಹೊಗಿ ಐತಿ ಅಂತ ತಿಳ್ಕೋರಿ. ಬಾಗಲ ಕಡೆ ಬೆಂಕಿ ಐತಿ. ಎದ್ದು ಹೊರಗ ಬರ್ರಿ."

ಬಾಗಿಲ ಕಡೆ ಹೋಗುವ ಹಾಗಿಲ್ಲವೆಂದರೆ ಉಳಿದದ್ದು ಮಂಚದ ತಲೆಯ ಕಡೆಯ ದೊಡ್ಡ ಕಿಟಕಿ. ಕಣ್ಣು ಮುಚ್ಚಿಕೊಂಡೇ ಅತ್ತ ತೆವಳಿದೆ. ಹಣೆ ತಗಡಿಗೆ ಬಡಿಯಿತು. ಕಿಟಕಿಗೆ ಒತ್ತರಿಸಿ ನಾನೇ ಇಟ್ಟಿದ್ದ ಕಬ್ಬಿಣದ ಟ್ರಂಕು ಅದು.

"ಏನೈತ್ರಿ ಅದರಾಗ?"

"ಅವರ ಅರಿವಿ."

"ಅದನ್ನ ಬ್ಯಾರೆ ಕಡೆ ಇಡ್ರಿ. ಈ ಕಿಟಕಿ ಬಿಟ್ರ ನಿಮಗ ಬ್ಯಾರೆ ದಾರಿ ಇಲ್ಲ."

"ಅದು ಅಲ್ಲೇ ಇರ್ಲಿ," ಎಂದೆ. ನನ್ನ ದನಿ ಬಿರುಸಾಗಿತ್ತು. ಟ್ರಂಕು ತಲೆಯ ಹತ್ತಿರವಿದ್ದರೆ ಮುಚ್ಚಳ ಸ್ವಲ್ಪ ಎತ್ತಿದರೂ ಅವರ ಅಂಗಿಗಳ ವಾಸನೆ ಬರುತ್ತಿತ್ತು. ಅದಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಇದನ್ನು ಆಕೆಗೆ ಹೇಳಲಿಲ್ಲ. ಬಾಯಿಯೂ ವಾದಿಸಲಿಲ್ಲ. ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟರು.

ಒಮ್ಮೆ ಹಚ್ಚಿಹೋದರೆ ವರ್ಷಕ್ಕೊಮ್ಮೆ ನೋಡಿದರೆ ಸಾಕು ಎಂಬ ಕೆಲಸ ಅದು. ಆದರೆ ಬಾಯಿ ತಿಂಗಳಾಗುವುದರೊಳಗೆ ಮತ್ತೆ ಬಂದರು. ಗಣೇಶಗುಡಿ ಕಡೆ ಬಂದಿದ್ದೆ, ಹಾಗೇ ನೋಡಿಹೋಗೋಣ ಎಂದು ಬಂದೆ ಅಂದರು. ಆಮೇಲೆ ಅದೇ ರೂಢಿಯಾಯಿತು. ಬಂದ ಕೂಡಲೇ ಬಾಗಿಲ ಪಕ್ಕದ ಸಿಲಿಂಡರ್ ಕೆಳಗಿಳಿಸಿ, ತಲೆಕೆಳಗು ಮಾಡಿ, ತೆಂಗಿನಕಾಯಿಯೊಳಗೆ ನೀರಿದೆಯೇ ಎಂದು ನೋಡುವ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಒಳಗಿನ ಪುಡಿ ಗಟ್ಟಿಯಾಗಿ ತಳ ಹಿಡಿದರೆ ಬೇಕಾದಾಗ ಹೊರಗೆ ಬರುವುದಿಲ್ಲ. ಪುಡಿ ಸರಸರ ಜಾರುವುದು ಕೇಳಿಸಿದರೆ ಅವರ ಮುಖ ಸಡಿಲವಾಗುತ್ತಿತ್ತು. ಆಮೇಲೆ ಚಹಾ. ಚಹಾ ಮಾತ್ರ ಅವರು ಗಾಡಿಯೊಳಗೆ ಕುಡಿಯುತ್ತಿರಲಿಲ್ಲ. ಮಳೆ ಬರುತ್ತಿದ್ದರೂ ಲೋಟ ಹಿಡಿದು ಹೊರಗೆ, ಹೋಮ್‌ಸ್ಟೇಯ ಸೂರಿನ ಕೆಳಗೆ ಹೋಗಿ ನಿಲ್ಲುತ್ತಿದ್ದರು. ನಾನು ಒಲೆ ಹಚ್ಚಿದ ಕೂಡಲೇ ಏನಾದರೂ ನೆಪ ಮಾಡಿ ಇಳಿದುಬಿಡುವರು. ಬೆಂಕಿಯ ಕೆಲಸ ಮಾಡುವವರಿಗೆ ಹೀಗೊಂದು ಅಭ್ಯಾಸವಿರಬಹುದು ಎಂದುಕೊಂಡಿದ್ದೆ.

ಒಂದು ಸಲ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಾಗ ಮೇಲಿನ ಅಲಾರಾಂ ಕೂಗಿಕೊಂಡಿತು. ಹೋಮ್‌ಸ್ಟೇಯ ಅತಿಥಿಗಳು ಹಲ್ಲುಜ್ಜುತ್ತಲೇ ಓಡಿಬಂದರು. ನಾಚಿಕೆಯಾಗಿ ಬಾಯಿಗೆ ಫೋನ್ ಮಾಡಿ ಇದನ್ನು ಕಿತ್ತುಹಾಕಿ ಎಂದೆ. ಅವರು ಬಂದು ಅದನ್ನು ಒಲೆಯಿಂದ ದೂರಕ್ಕೆ, ಮಂಚದ ಹತ್ತಿರದ ಸೂರಿಗೆ ಹಚ್ಚಿದರು. ಕೆಲಸ ಮಾಡುತ್ತಾ ಮಾಡುತ್ತಾ ನಗು ತಡೆಯಲಾರದೆ, "ಎಷ್ಟ ಮಂದಿ ಬಂದ್ರು?" ಎಂದು ಕೇಳಿದರು.

"ಎಲ್ಲಾರೂ ಬಂದ್ರು."

"ನೋಡ್ರಿ ಮತ್ತ. ಯಾರೂ ಬರೂದಿಲ್ಲ ಅಂತಿದ್ರಿ."

ನಾನೂ ನಕ್ಕೆ. ಗಂಡ ಹೋದ ಮೇಲೆ ಸದ್ದು ಬರುವ ಹಾಗೆ ನಕ್ಕದ್ದು ಅದೇ ಮೊದಲು. ನನ್ನ ನಗು ನನಗೇ ಬೇರೆ ಯಾರದ್ದೋ ಅನ್ನಿಸಿತು.

ಟ್ರಂಕಿನ ಮಾತನ್ನು ಅವರು ಬಹಳ ದಿನ ಎತ್ತಲಿಲ್ಲ. ಬಂದಾಗೊಮ್ಮೆ ಅದರ ಕಡೆ ನೋಡುತ್ತಿದ್ದರು, ಅಷ್ಟೆ. ಒಂದು ದಿನ ಹೊರಗೆ ನಿಂತು ಚಹಾ ಕುಡಿಯುತ್ತಾ ಆ ಕಿಟಕಿಯನ್ನೇ ನೋಡಿ ಕೇಳಿದರು: "ಬಾಯಾರ, ಈ ಗಾಡಿಗೆ ಹಿಂದ ಇಷ್ಟ ದೊಡ್ಡ ಕಿಟಕಿ ಇರೂದಿಲ್ರಿ. ಇದು ನಿಮ್ಮ ಯಜಮಾನ್ರ ಕೊರದು ಕುಂದ್ರಿಸಿದ್ದೇನು?"

ಹೌದು ಎಂದೆ. ನನಗೆ ಮಲಗಿದಲ್ಲಿಂದಲೇ ಹೊರಗಿನದೆಲ್ಲ ಕಾಣಬೇಕೆಂದು ಅವರೇ ಹಿಂದಿನ ತಗಡು ಕತ್ತರಿಸಿ ಕಿಟಕಿ ಕೂಡಿಸಿದ್ದರು.

"ಅವರ ಇಟ್ಟ ಕಿಟಕೀನ ಅವರ ಟ್ರಂಕ್ ಇಟ್ಟ ಮುಚ್ಚೀರಲ್ರಿ," ಎಂದರು ಬಾಯಿ. ಬೈಗುಳದ ದನಿಯಲ್ಲ. ಲೋಟ ತೊಳೆದಿಟ್ಟು ಸ್ಕೂಟರ್ ಹತ್ತಿ ಹೋದರು.

ಅಂದು ಸಂಜೆ ನಾನು ಟ್ರಂಕನ್ನು ಎಳೆದು ಬಾಗಿಲ ಪಕ್ಕದ ಸೀಟಿನ ಮೇಲೆ ಇಟ್ಟೆ. ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು, ಬಡಿದು, ತೆರೆದೆ. ಇಳಿಜಾರಿನ ಕೆಳಗೆ ನದಿ ಕಂಡಿತು. ಅಷ್ಟು ದಿನ ಅದರ ಸದ್ದು ಕೇಳುತ್ತಾ ಮಲಗಿದ್ದವಳು ಮಂಚದಿಂದ ಅದನ್ನು ನೋಡಿದ್ದು ಅದೇ ಮೊದಲು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ತಲೆಶೂಲೆಯೆಂದು ಮಾತ್ರೆ ನುಂಗಿ ಮಲಗಿದ್ದೆ. ಗಾಢ ನಿದ್ದೆ. ಅಲಾರಾಂ ಕೂಗಿದಾಗ ಕನಸೆಂದುಕೊಂಡು ಮಗ್ಗುಲು ಬದಲಿಸಿದೆ. ಅದು ಬಿಡಲಿಲ್ಲ. ಕಣ್ಣು ತೆರೆದರೆ ಸೂರಿನ ತುಂಬ ಕಪ್ಪು ಹೊಗೆ, ಸುಟ್ಟ ರಬ್ಬರಿನ ವಾಸನೆ. ಬಾಗಿಲ ಪಕ್ಕದ ಸೀಟಿನ ಕೆಳಗಿನಿಂದ ಬೆಂಕಿ ನಾಲಿಗೆ ಚಾಚುತ್ತಿತ್ತು. ಏನು ಮಾಡಬೇಕೆಂದು ನಾನು ಯೋಚಿಸಲಿಲ್ಲ. ಮೈ ತಾನಾಗಿ ಹಿಂದಕ್ಕೆ ತೆವಳಿತು, ಕೈ ತಾನಾಗಿ ಚಿಲಕ ಹುಡುಕಿತು. ಕಿಟಕಿಯಿಂದ ಹುಲ್ಲಿನ ಮೇಲೆ ಬಿದ್ದೆ.

ಎದ್ದು ತಿರುಗಿ ನೋಡಿದಾಗ ನೆನಪಾದದ್ದು ಟ್ರಂಕು. ನಾನೇ ಎಳೆದು ಇಟ್ಟ ಟ್ರಂಕು, ಬೆಂಕಿಯ ಮೇಲೆಯೇ ಇತ್ತು. ಕಿಟಕಿ ಎದೆಯೆತ್ತರಕ್ಕಿತ್ತು, ಹತ್ತಬಹುದಿತ್ತು. ಎರಡೂ ಕೈ ಅದರ ಚೌಕಟ್ಟಿನ ಮೇಲೆ ಇಟ್ಟೆ. ಒಳಗೆ ಅಲಾರಾಂ ಕೂಗುತ್ತಲೇ ಇತ್ತು. ಆ ಹೊತ್ತಿನಲ್ಲಿ ನನ್ನ ಮನಸ್ಸಿಗೆ ಬಂದದ್ದು ಬಾಯಿಯವರ ಒಂದೇ ಮಾತು. ಪ್ರತಿ ಸಲ ಹೊರಡುವಾಗ, ಬೇರೆಯವರು 'ಬರ್ತೇನಿ' ಎನ್ನುವ ಜಾಗದಲ್ಲಿ, ಅವರು ಹೇಳುತ್ತಿದ್ದದ್ದು: "ಹೊರಗ ಬಂದ ಮ್ಯಾಲ ಒಳಗ ಹೋಗಬ್ಯಾಡ್ರಿ. ಏನ ಉಳಿದ್ರೂ ಹೋಗಬ್ಯಾಡ್ರಿ."

ಕೈ ತೆಗೆದೆ. ಹಿಂದೆ ಹಿಂದೆ ನಡೆದು ಹೊಲದ ನಡುವೆ ಬಿಸಿಲಿನಲ್ಲಿ ನಿಂತೆ. ನನ್ನ ಗಂಡನನ್ನು ಎರಡನೇ ಸಲ ಕಳೆದುಕೊಳ್ಳುತ್ತಿದ್ದೇನೆ ಅನ್ನಿಸಿತು, ಆದರೂ ನಿಂತೆ. ಒಳಗೆ ಬಾಟಲಿಯ ಬಿರಡೆ ಹಾರಿದಂತೆ ಒಂದು ಸದ್ದಾಯಿತು. ಆಮೇಲೆ ಜೋರಾಗಿ ಉಸಿರು ಬಿಟ್ಟ ಹಾಗೆ ಇನ್ನೊಂದು. ಬಾಯಿ ಹಾಯಿಸಿದ್ದ ಕೊಳವೆ ಒಡೆದಿತ್ತು; ಬಾಗಿಲ ಸಂದಿಯಿಂದ ಹಿಟ್ಟಿನಂಥ ಪುಡಿ ಮೋಡವಾಗಿ ಹೊರಗೆ ಬಂತು. ಹೋಮ್‌ಸ್ಟೇಯವರು ನೀರು ಹಿಡಿದು ಓಡಿಬರುವಷ್ಟರಲ್ಲಿ ಬೆಂಕಿ ಆರಿತ್ತು.

ಹೋಮ್‌ಸ್ಟೇಯವರ ಫೋನ್ ಹೋಗಿ ಬಾಯಿ ಬಂದಾಗ ಬಿಸಿಲಿನ್ನೂ ಇತ್ತು. ಸ್ಕೂಟರ್ ನಿಲ್ಲಿಸದೆ ಬೀಳಿಸಿಯೇ ಬಂದರು. ಗಾಡಿಯ ಕಡೆ ನೋಡಲಿಲ್ಲ. ನೇರ ನನ್ನ ಹತ್ತಿರ ಬಂದು ಎರಡೂ ತೋಳು ಹಿಡಿದು ಕೇಳಿದರು: "ಮತ್ತ ಒಳಗ ಹೋಗಿದ್ರೇನು?"

"ಇಲ್ಲ."

"ಖರೇನ ಹೇಳ್ರಿ."

"ಇಲ್ರಿ ಬಾಯಿ. ಹೋಗಲಿಲ್ಲ."

ಬಾಯಿ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು. ಹುಲ್ಲು ಕೀಳುತ್ತಾ ಹೇಳತೊಡಗಿದರು.

ಅವರ ಗಂಡ ಲಾರಿ ಡ್ರೈವರ್. ಮದುವೆಯಾದ ಹೊಸತು. ಕಾರವಾರಕ್ಕೆ ಹೊರಟ ಲಾರಿಯಲ್ಲಿ ಈಕೆಯೂ ಹೋಗಿದ್ದರು, ಸಮುದ್ರ ನೋಡಲೆಂದು. ಅಣಶಿ ಘಟ್ಟದಲ್ಲಿ ಮಳೆ ಹಿಡಿಯಿತು. ಲಾರಿ ಬದಿಗೆ ನಿಲ್ಲಿಸಿ, ಕ್ಯಾಬಿನ್ನಿನೊಳಗೇ ಸೀಮೆಎಣ್ಣೆ ಸ್ಟೋವ್ ಹಚ್ಚಿ ಅನ್ನಕ್ಕೆ ಇಟ್ಟರು. ಸ್ಟೋವ್ ಭಗ್ಗೆಂದಿತು. ಇಬ್ಬರೂ ಎರಡು ಕಡೆಯಿಂದ ಜಿಗಿದರು. ಇಬ್ಬರಿಗೂ ಏನೂ ಆಗಿರಲಿಲ್ಲ.

"ಹೊಸಾ ಕುಕ್ಕರ್ ಇತ್ರಿ," ಎಂದರು ಬಾಯಿ. "ಹಿಂದಿನ ದಿನಾನ ತಗೊಂಡಿದ್ವಿ. ನಾನ ಅಂದೆ, 'ಅಯ್ಯ, ಕುಕ್ಕರ್ ಒಳಗ ಉಳೀತಲ್ಲ' ಅಂತ. ತರ್ರಿ ಅನ್ಲಿಲ್ಲ. ಉಳೀತಲ್ಲ ಅಂದೆ, ಅಷ್ಟ. ಅವ್ರು ಹೊಳ್ಳಿ ಹತ್ತಿದ್ರು."

ಬೆಂಕಿ ಡೀಸೆಲ್‌ಗೆ ಹತ್ತಿತು. ಅವರ ಹಿಂದೆ ಬಾಗಿಲವರೆಗೆ ಹೋದ ಈಕೆಯ ಎಡಹುಬ್ಬು ಸುಟ್ಟುಹೋಯಿತು. ಗಂಡ ಹೊರಗೆ ಬರಲಿಲ್ಲ. ಅಣ್ಣನ ಮನೆಯಲ್ಲಿ ಕೆಲವು ಕಾಲವಿದ್ದು, ಆಮೇಲೆ ದಾಂಡೇಲಿಗೆ ಬಂದು ಆ ಸಿಲಿಂಡರ್ ಅಂಗಡಿಯಲ್ಲಿ ಕಸ ಹೊಡೆಯುವ ಕೆಲಸಕ್ಕೆ ಸೇರಿದ್ದರು. ನೋಡಿ ನೋಡಿ ಉಳಿದ ಕೆಲಸ ಕಲಿತರು. ಮತ್ತೆ ಮದುವೆಯ ಮಾತು ಬಂದಾಗ ಒಲ್ಲೆನೆಂದರು. ಇಷ್ಟನ್ನು ಹೇಳಿ ಎದ್ದು, ಸೀರೆಗೆ ಹತ್ತಿದ ಹುಲ್ಲು ಕೊಡವಿಕೊಂಡು, ಪುಡಿ ಗುಡಿಸಲು ಪೊರಕೆ ಕೇಳಿದರು.

ಟ್ರಂಕು ಹೊರಗಿನಿಂದ ಕಪ್ಪಾಗಿತ್ತು. ಒಳಗೆ ಅಂಗಿಗಳು ಸುಟ್ಟಿರಲಿಲ್ಲ, ಕಾವಿಗೆ ಅಂಚು ಕಂದಿತ್ತು ಅಷ್ಟೆ. ಆದರೆ ಮುಖಕ್ಕೆ ಹಿಡಿದಾಗ ಎಲ್ಲದರಲ್ಲೂ ಸುಟ್ಟ ರಬ್ಬರಿನ ವಾಸನೆ. ಒಂದೊಂದನ್ನೇ ಮೂಸಿ ನೋಡಿದೆ. ನನ್ನ ಗಂಡ ಅವುಗಳಲ್ಲಿ ಎಲ್ಲೂ ಇರಲಿಲ್ಲ. ನಾನು ಕೂತು ಅತ್ತುಬಿಟ್ಟೆ. ಬಾಯಿ ಮರುದಿನ ಅಂಗಡಿಗೆ ರಜೆ ಹಾಕಿ ಬಂದು, ಬಟ್ಟೆಗಳನ್ನೆಲ್ಲ ಹೊತ್ತು ನನ್ನ ಜೊತೆ ನದಿಗೆ ಇಳಿದರು. ಇಬ್ಬರೂ ಸೇರಿ ಒಗೆದು ಬಂಡೆಗಳ ಮೇಲೆ ಒಣಗಹಾಕಿದೆವು. ತೋಳು ಚಾಚಿದ ಅಷ್ಟೊಂದು ಅಂಗಿಗಳು ಬಿಸಿಲಿನಲ್ಲಿ. ನೋಡಲಾಗದೆ ನಾನು ನೀರಿನ ಕಡೆ ತಿರುಗಿ ಕೂತಿದ್ದೆ.

"ಬಾಯಾರ, ಒಂದು ಮಾತ ಕೇಳ್ಲ್ಯಾ?" ಎಂದರು ಹಿಂದಿನಿಂದ. "ಈ ನೀಲಿ ಚೌಕಡಿದು ನನಗ ಕೊಡ್ರಿ. ಕೆಲಸ ಮಾಡೂವಾಗ ಸೀರಿ ಮ್ಯಾಲ ಹಾಕ್ಕೋಳಾಕ ಒಂದು ಅಂಗಿ ಬೇಕಾಗೈತಿ."

ಕೊಟ್ಟೆ. ಉಳಿದವನ್ನು ಹೋಮ್‌ಸ್ಟೇಯ ಕೆಲಸದವರು ಹಂಚಿಕೊಂಡರು. ನೀಲಿ ಚೌಕಳಿಯ ಅಂಗಿ ಬಾಯಿಯ ಮೈಮೇಲೆ ಜೋಯಿಡಾ, ದಾಂಡೇಲಿ ಎಂದು ಓಡಾಡಿತು. ದೂರದಿಂದ ಸ್ಕೂಟರಿನ ಮೇಲೆ ಅದು ಬರುವುದನ್ನು ಕಂಡಾಗ ಒಂದು ಕ್ಷಣ ನನ್ನ ಗಂಡನೇ ಬಂದಂತೆ ಅನ್ನಿಸುತ್ತಿತ್ತು. ಆಮೇಲೆ ಬಾಯಿ ಬಂದರು ಎಂಬ ಸಂತೋಷವಾಗುತ್ತಿತ್ತು. ಎರಡಕ್ಕೂ ನಾನು ಒಗ್ಗಿಕೊಂಡೆ.

ಮಳೆಗಾಲ ಮುಗಿಯುವಷ್ಟರಲ್ಲಿ ಗಾಡಿಯ ರಿಪೇರಿ ಮುಗಿಯಿತು. ಸುಟ್ಟ ವೈರು ತೆಗೆದು ಹೊಸದು ಎಳೆಸಿ, ಬಾಯಿ ಹೊಸ ಕೊಳವೆ ಹಾಯಿಸಿದರು. ಕೆಲಸವಾದ ಮೇಲೆ ಅಂದರು: "ಎಂಜಿನ್ನಿಗೆ ಹಚ್ಚಿದ್ದು ನಿಂತ ಗಾಡ್ಯಾಗ ಹೆಂಗ ಗೊತ್ತಾಗತೈತಿ? ಒಂದ್ಸಲ ಓಡ್ಸಿ ನೋಡ್ರಿ. ನಾನೂ ಬರ್ತೇನಿ. ಹೋಗೂಣು."

"ಎಲ್ಲಿಗೆ?"

"ಕುಂಬಾರವಾಡ ದಾಟಿ ಮುಂದ," ಎಂದರು.

ಮುಂದೆ ಇರುವುದು ಅಣಶಿ ಘಟ್ಟ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಹುಲ್ಲು ಕಿತ್ತು ಚಕ್ರ ಬಿಡಿಸಿದೆ. ಅಷ್ಟು ಕಾಲದ ಮೇಲೆ ಸ್ಟೇರಿಂಗ್ ಹಿಡಿದೆ. ಪಕ್ಕದಲ್ಲಿ ಬಾಯಿ ಸೀಟಿನ ಅಂಚು ಹಿಡಿದು ಕೂತಿದ್ದರು. ಜೋಯಿಡಾ ದಾಟಿದೆವು. ಗದ್ದೆಗಳು, ದೂರ ದೂರ ಒಂದೊಂದು ಮನೆ, ಬಸ್ಸಿಗೆ ಕಾದು ನಿಂತವರು. ಘಟ್ಟ ಶುರುವಾಯಿತು. ಒಂದು ತಿರುವಿನಲ್ಲಿ ಬಾಯಿ ನನ್ನ ತೋಳು ಮುಟ್ಟಿದರು. ಗಾಡಿ ನಿಲ್ಲಿಸಿದೆ.

ಅಲ್ಲಿ ಏನೂ ಇರಲಿಲ್ಲ. ಪಾಚಿ ಹಿಡಿದ ತಡೆಗೋಡೆ, ನೀರು ಜಿನುಗುವ ಬಂಡೆ, ಕೆಳಗೆ ಕಾಡು. ಬಾಯಿ ಇಳಿದು ಗೋಡೆಯ ಹತ್ತಿರ ಹೋಗಿ ನಿಂತರು. ಶಿಲುಬೆಯ ಗುರುತು ಮಾಡಿಕೊಂಡರು. ಅವರನ್ನು ಅವರ ಪಾಡಿಗೆ ಬಿಟ್ಟು ನಾನು ಗಾಡಿಯೊಳಗೆ ಹೋಗಿ ಚಹಾಕ್ಕೆ ಇಟ್ಟೆ. ಬೇರೇನು ಮಾಡಬೇಕೆಂದು ತೋಚಲಿಲ್ಲ. ನೀರು ಕುದಿಯುವಾಗ ಬಾಗಿಲಲ್ಲಿ ನೆರಳು ಬಿತ್ತು. ಬಾಯಿ ಮೆಟ್ಟಿಲ ಮೇಲೆ ನಿಂತು ಉರಿಯುವ ಒಲೆಯನ್ನೇ ನೋಡುತ್ತಿದ್ದರು. ನಾನು ಆರಿಸಲು ಕೈ ಹಾಕಿದೆ.

"ಇರ್ಲಿ ಬಿಡ್ರಿ," ಎಂದರು. ಒಳಗೆ ಬಂದರು. ಬಂದು ಕೂತರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಗಾಡಿಯೊಳಗೆ ಕೂತೇ, ಕೊನೆಯ ಗುಟುಕಿನವರೆಗೂ ಕುಡಿದರು.

"ಆ ಕುಕ್ಕರ್ ಇಲ್ಲೇ ಕೆಳಗ ಎಲ್ಲೋ ಬಿದ್ದಿರಬೇಕು ನೋಡ್ರಿ," ಎಂದು ನಕ್ಕರು. ನಗುತ್ತಿದ್ದಂತೆ ಕಣ್ಣೀರು ಇಳಿಯಿತು, ಅದರ ಜೊತೆ ಕಾಡಿಗೆಯೂ. ಮುಂದೆ ಕಾರವಾರದವರೆಗೂ ಹೋಗೋಣವೇ, ಸಮುದ್ರ ನೋಡಿ ಬರೋಣವೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದರು. ಗಾಡಿ ತಿರುಗಿಸಿದೆ. ದಾರಿಯುದ್ದಕ್ಕೂ ನಾವಿಬ್ಬರೂ ಮಾತಾಡಲಿಲ್ಲ. ಮಾತಿಲ್ಲದೆ ಒಬ್ಬರ ಪಕ್ಕ ಕೂತು ದೂರ ಹೋಗುವುದು ನನಗೆ ಮರೆತೇಹೋಗಿತ್ತು.

ಆಮೇಲೆ ನಾನು ಪ್ರವಾಸಿಗರನ್ನು ಕೂರಿಸಿಕೊಂಡು ಗಾಡಿ ಓಡಿಸತೊಡಗಿದೆ. ಇಂದಿಗೂ ಅದೇ ನನ್ನ ಅನ್ನ. ಬಾಯಿ ಬರುತ್ತಲೇ ಇದ್ದರು. ಮುಂದಿನ ಮಳೆಗಾಲ ಹಿಡಿದಾಗ ಮಾತ್ರ ಬರುವುದು ತಪ್ಪಿತು. ಫೋನ್ ಮಾಡಿದರೆ ಕಾಲು ಬಾತಿದೆ, ಸ್ಕೂಟರ್ ಹತ್ತಲಾಗುತ್ತಿಲ್ಲ ಎಂದರು. ಅಂಬೇವಾಡಿಗೆ ಹೋದೆ. ಕೋಣೆಗೆ ಬೀಗ. ಕಿಡ್ನಿ ಕೆಟ್ಟಿದೆಯಂತೆ, ಧಾರವಾಡದ ಆಸ್ಪತ್ರೆಗೆ ತೋರಿಸಿ ಅಣ್ಣ ಊರಿಗೆ ಕರೆದುಕೊಂಡು ಹೋದರು ಎಂದು ಪಕ್ಕದ ಮನೆಯವರು ಹೇಳಿದರು. ಫೋನಿನಲ್ಲಿ ಊರಿಗೆ ಬರುತ್ತೇನೆಂದರೆ ಬಾಯಿ ಒಪ್ಪಲಿಲ್ಲ.

"ಬ್ಯಾಡ್ರಿ, ರಸ್ತೆ ರಾಡಿ ಐತಿ, ನಿಮ್ಮ ಗಾಡಿ ಹುಗೀತೈತಿ. ಮಳಿ ನಿಂತ ಮ್ಯಾಲ ನಾನ ಬರ್ತೇನಿ. ಸಿಲಿಂಡರ್ ಅಲ್ಲಾಡಸ್ರಿ, ಮರೀಬ್ಯಾಡ್ರಿ."

ಮಳೆ ನಿಲ್ಲುವ ಮುಂಚೆ ಅವರ ಅಣ್ಣನ ಫೋನ್ ಬಂತು. ಕೊಂಕಣಿ ಬೆರೆತ ಕನ್ನಡದಲ್ಲಿ, ತಡೆದು ತಡೆದು, ಬೆಳಿಗ್ಗೆ ಹೋದಳು ಎಂದರು.

ಗಾಡಿ ತೆಗೆದುಕೊಂಡು ಹೊರಟೆ. ಹಳಿಯಾಳ ದಾಟಿ ಹಳ್ಳಿಯ ದಾರಿ ಹಿಡಿದೆ. ರಾಡಿ ಇತ್ತು, ಗಾಡಿ ಹುಗಿಯಲಿಲ್ಲ. ತೇಗದ ಮರಗಳ ನಡುವೆ ಹಂಚಿನ ಕೆಲವು ಮನೆಗಳು, ಒಂದು ಸಣ್ಣ ಚರ್ಚು. ಅಂಗಳದ ತುಂಬ ಜನ. ಬಾಯಿಯನ್ನು ಬಿಳಿ ಸೀರೆಯಲ್ಲಿ ಮಲಗಿಸಿದ್ದರು. ಯಾರೂ ಹುಬ್ಬು ಬರೆದಿರಲಿಲ್ಲ. ನಾನು ಯಾರೆಂದು ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಗಿರಾಕಿ ಎನ್ನಬೇಕೇ, ಗೆಳತಿ ಎನ್ನಬೇಕೇ? ಗುರುತಿನವರು ಒಬ್ಬರೂ ಇಲ್ಲದ ಆ ಗುಂಪಿನ ಅಂಚಿನಲ್ಲಿ ಬೇಲಿಗೆ ಒತ್ತಿ ನಿಂತೆ.

ಅವರ ಅತ್ತಿಗೆ, ವಯಸ್ಸಾದ ಹೆಂಗಸು, ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದರು. ರಸ್ತೆಯಲ್ಲಿ ನಿಂತ ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು.

"ಗಣೇಶಗುಡಿದಾಕಿ ನೀನ ಹೌದಲ್ಲ?" ಎಂದರು.

ತಲೆಯಾಡಿಸಿದೆ. ಅವರು ನನ್ನ ಕೈ ಹಿಡಿದರು. ಹಿಡಿದುಕೊಂಡೇ ಅಂಗಳದ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು: "ಹಾದಿ ಬಿಡ್ರಿ. ತಂಗಿ ಬಂದ್ಲು."

ಜನ ದಾರಿ ಬಿಟ್ಟರು. ಯಾರೂ ಯಾವ ತಂಗಿ ಎಂದು ಕೇಳಲಿಲ್ಲ. ಅಲ್ಲಿದ್ದವರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಗಣೇಶಗುಡಿಯಲ್ಲಿ ನನ್ನ ತಂಗಿ ಇದ್ದಾಳೆ, ಒಬ್ಬಳೇ ಗಾಡಿ ಓಡಿಸುತ್ತಾಳೆ ಎಂದು ಬಾಯಿ ಊರಿಗೆ ಬಂದಾಗಲೆಲ್ಲ ಹೇಳುತ್ತಿದ್ದರಂತೆ. ನನಗೆ ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

ಚರ್ಚಿನ ಹಿಂದೆ ಮಣ್ಣು ಕೊಡುವಾಗ ಮೊದಲು ಅಣ್ಣ, ಆಮೇಲೆ ಅತ್ತಿಗೆ. ಮೂರನೆಯವಳಾಗಿ ನನ್ನನ್ನು ಕರೆದರು. ಮಣ್ಣು ಮಳೆಗೆ ನೆನೆದು ಕೆಂಪಾಗಿ ಭಾರವಾಗಿತ್ತು. ಮುಷ್ಟಿ ಬಿಚ್ಚಿದರೂ ಕೂಡಲೇ ಬೀಳಲಿಲ್ಲ, ಅಂಗೈಗೆ ಅಂಟಿಕೊಂಡಿತ್ತು. ಇನ್ನೊಂದು ಕೈಯಿಂದ ಬಿಡಿಸಿ ಹಾಕಬೇಕಾಯಿತು.